ನಾಲ್ಕು ಗಂಟೆ

ನಮ್ಮ ಸಂಘದ ಕವಿಗೋಷ್ಠಿಗಳಲ್ಲಿ ಹೃದಯ ಬಾರದ ಕವಿತೆಯೇ ಇಲ್ಲ. ಕೊಡುತ್ತೇವೆ, ಕದಿಯುತ್ತೇವೆ, ಒಡೆದುಕೊಳ್ಳುತ್ತೇವೆ. ನಾನೂ ಬರೆದವನೇ. ಹೋದ ವರ್ಷ ನನ್ನ ಸೋದರಮಾವ ಹೃದಯದ ಕಸಿಗೆಂದು ಶಿವಮೊಗ್ಗದಿಂದ ಇಲ್ಲಿಗೆ, ಚೆನ್ನೈಗೆ, ಬಂದರು. ಅಂದಿನಿಂದ ಆ ಪದ ಬರೆಯಲು ಕೈ ಏಳುತ್ತಿಲ್ಲ.

ಮಾವನ ಹಾಸಿಗೆಯ ಪಕ್ಕ ಕೂತು ಕಲಿತದ್ದಿಷ್ಟು. ಮಿದುಳು ಸತ್ತವರ ಹೃದಯವನ್ನು ಪೊಟ್ಯಾಸಿಯಂ ಬೆರೆತ ತಣ್ಣನೆಯ ದ್ರಾವಣ ಹರಿಸಿ ನಿಲ್ಲಿಸುತ್ತಾರೆ. ಚೀಲದಲ್ಲಿ ಹಾಕಿ ಐಸ್ ಪೆಟ್ಟಿಗೆಯಲ್ಲಿಡುತ್ತಾರೆ. ತಂಪಿಗೆ ಅದರ ಹಸಿವು ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಸುಮಾರು ನಾಲ್ಕು ಗಂಟೆಯೊಳಗೆ ಅದು ಇನ್ನೊಂದು ಎದೆಯಲ್ಲಿ ಮಿಡಿಯಬೇಕು. 1967ರಲ್ಲಿ ಕೇಪ್‌ಟೌನಿನಲ್ಲಿ ಡಾ. ಬರ್ನಾರ್ಡ್ ಮೊದಲ ಬಾರಿ ಮನುಷ್ಯನ ಹೃದಯವನ್ನು ಮನುಷ್ಯನಿಗೆ ಕಸಿ ಮಾಡಿದಾಗ ದಾನಿ, ರೋಗಿ ಇಬ್ಬರೂ ಅಕ್ಕಪಕ್ಕದ ಕೋಣೆಗಳಲ್ಲಿದ್ದರು. ಈಗ ನಡುವೆ ಊರುಗಳಿವೆ. 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೃದಯವೊಂದು ವಿಮಾನದಲ್ಲಿ ಚೆನ್ನೈಗೆ ಬಂತು; ಆಂಬುಲೆನ್ಸಿಗೆ ಪೊಲೀಸರು ರಸ್ತೆ ಬಿಡಿಸಿಕೊಟ್ಟರು.

ಮಾವನಿಗೂ ಒಂದು ರಾತ್ರಿ ಸುದ್ದಿ ಬಂತು: ದೂರದ ಊರಲ್ಲೊಂದು ಹೃದಯವಿದೆ. ರಕ್ತದ ಗುಂಪೂ ಮೈಯಳತೆಯೂ ಹೊಂದಿದವು. ಡಾಕ್ಟರು ಕಾಗದದ ಮೇಲೆ ಲೆಕ್ಕ ಹಾಕಿದರು: ರಸ್ತೆ, ವಿಮಾನ, ಮತ್ತೆ ರಸ್ತೆ, ಹೊಲಿಗೆ. ಐದೂವರೆ ಗಂಟೆ. ಬೇಡವೆಂದರು.

ಪೆಟ್ಟಿಗೆಯೊಳಗೇ ಬೆಚ್ಚನೆಯ ರಕ್ತ ಹರಿಸಿ, ಹೃದಯ ಮಿಡಿಯುತ್ತಲೇ ಇರುವಂತೆ ನೋಡಿಕೊಳ್ಳುವ ಯಂತ್ರ ಬಂದಿದೆ. 2014ರಲ್ಲಿ ಸಿಡ್ನಿಯ ವೈದ್ಯರು ದಾನಿಯ ಎದೆಯಲ್ಲಿ ನಿಂತೇಹೋಗಿದ್ದ ಹೃದಯವನ್ನೂ ಅಂಥದರಲ್ಲಿಟ್ಟು, ಮತ್ತೆ ಮಿಡಿಸಿ, ಕಸಿ ಮಾಡಿದರು. ಆದರೆ ಅದು ಬಲು ದುಬಾರಿ. ಆ ರಾತ್ರಿ ನಮಗಿದ್ದದ್ದು ಐಸ್ ಪೆಟ್ಟಿಗೆಯೇ.

ಒಂದು ಮಾತನ್ನು ಮಾವನಿಗೊಬ್ಬರಿಗೇ ಹೇಳಿದ್ದೆ. ಮಳೆಯ ರಾತ್ರಿ ಆಂಬುಲೆನ್ಸಿನ ಸದ್ದು ಕೇಳಿದರೆ ನನಗೆ ಆಸೆಯಾಗುತ್ತಿತ್ತು. ನಾಚಿಕೆಯೂ ಆಗುತ್ತಿತ್ತು.

"ನನಗೂ ಆಗತ್ತೆ ಕಣೋ," ಅಂದರು. "ನಾವು ಆಸೆಪಟ್ಟಿದ್ದಕ್ಕೆ ಯಾರೂ ಸಾಯಲ್ಲ. ಆದ್ರೆ ಸತ್ತವರ ಮನೆಯೋರು ಅಳ್ತಾ ಅಳ್ತಾನೇ ಹ್ಞೂಂ ಅಂತಾರಲ್ಲ, ಅದು ದೊಡ್ಡದು. ನಮ್ಮನೇಲಾಗಿದ್ರೆ ಅಂತಿದ್ವಾ?"

ಮೂರು ವಾರದ ಮೇಲೆ ಮಾವ ತೀರಿಕೊಂಡರು. ಅವರ ಕಣ್ಣುಗಳನ್ನು ಕೊಟ್ಟೆವು. ಹ್ಞೂಂ ಅಂದವರು ಅತ್ತೆ.

ನಾನು ಅಂಗದಾನದ ಫಾರಂಗೆ ಸಹಿ ಹಾಕಿದ್ದೇನೆ. ಆದರೆ ನಾವು ಸಹಿ ಹಾಕಿದ್ದರೂ ಕೊನೆಗೆ ಕೇಳುವುದು ಮನೆಯವರನ್ನೇ. ಆದ್ದರಿಂದ, ಮಿತ್ರರೇ, ರಜೆಗೆ ಊರಿಗೆ ಹೋದಾಗ ಈ ಮಾತು ತೆಗೆಯಿರಿ. ನಾನು ಫೋನಿನಲ್ಲಿ ಹೇಳಿದಾಗ ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ "ಊಟ ಆಯ್ತಾ?" ಅಂದಳು.

ಇನ್ನೂ ಹ್ಞೂಂ ಅಂದಿಲ್ಲ. ದೀಪಾವಳಿಗೆ ಹೋದಾಗ ಮತ್ತೆ ಕೇಳುತ್ತೇನೆ.