ಮಗ್ಗ ನಿಂತ ಮೇಲೆ

ರಾಜಘಟ್ಟದಲ್ಲಿ ಕರೆಂಟು ಹೋದದ್ದು ಮೊದಲು ಕಿವಿಗೆ ಗೊತ್ತಾಗುತ್ತದೆ. ದೊಡ್ಡಬಳ್ಳಾಪುರದ ಸುತ್ತಿನವರಿಗೆ ವಿದ್ಯುತ್ ಮಗ್ಗದ ಸದ್ದು ಎಷ್ಟು ಒಗ್ಗಿಹೋಗಿದೆಯೆಂದರೆ, ಅದು ಇರುವಾಗ ಕೇಳಿಸುವುದೇ ಇಲ್ಲ, ನಿಂತಾಗ ಕೇಳಿಸುತ್ತದೆ. ಆಮೇಲೆ ಫ್ಯಾನು ಸುತ್ತು ಕಡಿಮೆ ಮಾಡುತ್ತ ನಿಲ್ಲುತ್ತದೆ. ಇಷ್ಟರ ನಡುವೆ ನನ್ನ ಮುಂದಿನ ಲ್ಯಾಪ್‌ಟಾಪ್ ಪರದೆ ತುಸು ಮಂಕಾಗಿ, ಅರ್ಧ ಬರೆದ ಸಾಲನ್ನು ಹಾಗೇ ಹಿಡಿದುಕೊಂಡಿರುತ್ತದೆ. ಆ ಗಳಿಗೆ ನನಗೆ ಬಹಳ ಇಷ್ಟ. ಮೂಲೆಯಲ್ಲಿ ಶೇಕಡಾ 74 ಎಂದಿದ್ದರೆ ಮಧ್ಯಾಹ್ನವೆಲ್ಲ ನನ್ನದೇ.

ಅಳೆದು ಕೊಟ್ಟ ಕರೆಂಟಿನೊಡನೆ ಬದುಕುವ ವಿದ್ಯೆ ಈ ಕಡೆಯ ರೈತರಿಗೆ ಚೆನ್ನಾಗಿ ಗೊತ್ತು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುವ ಪಾಳಿ ನೋಡಿಕೊಂಡೇ ಅವರು ಮಡಿಯಿಂದ ಮಡಿಗೆ ನೀರು ತಿರುಗಿಸುವುದು. "ಈ ವಾರ ರಾತ್ರಿ ಪಾಳಿ ಐತಣ್ಣ, ಎದ್ದಿರಬೇಕು" ಎಂದು ಪಕ್ಕದ ತೋಟದವನು ಹೇಳುವಾಗ ದನಿಯಲ್ಲಿ ಗೊಣಗಾಟವಿರುವುದಿಲ್ಲ, ಲೆಕ್ಕವಿರುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿಗೂ ಅಂಥದೇ ಲೆಕ್ಕ ಸಲ್ಲಬೇಕೆಂದು ನನ್ನ ನಂಬಿಕೆ.

ನಮ್ಮ ಮನೆಯಲ್ಲಿರುವ ಮೂರು ಬಗೆಯ ಬ್ಯಾಟರಿಗಳಿಗೆ ಮೂರು ಸ್ವಭಾವ. ಹಜಾರದ ಮೂಲೆಯ ಯುಪಿಎಸ್ಸಿನದು ಸೀಸ ಮತ್ತು ಆಮ್ಲದ ಬ್ಯಾಟರಿ. ಅದು ಸದಾ ತುಂಬಿರಬೇಕು. ಬರಿದಾಗಿ ಬಹಳ ಕಾಲ ಬಿದ್ದಿದ್ದರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಶಕ್ತಿ ಕುಂದುತ್ತದೆ. ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಿ ವಿಚಾರಿಸಿಕೊಳ್ಳಲೂ ಬೇಕು. ಅಟ್ಟ ಸೇರಿದ ಹಳೆಯ ಕಾರ್ಡ್‌ಲೆಸ್ ಫೋನಿನದು ನಿಕಲ್-ಕ್ಯಾಡ್ಮಿಯಂ. "ಪೂರ್ತಿ ಇಳಿಸಿಯೇ ಚಾರ್ಜಿಗೆ ಹಾಕು" ಎಂದು ಹಿರಿಯರು ಇವತ್ತಿಗೂ ಹೇಳುವ ಮಾತು ಆ ಜಾತಿಯದು, ಅದರ ಕಾಲಕ್ಕೆ ಸರಿಯಾದ ಮಾತೇ. ಲ್ಯಾಪ್‌ಟಾಪಿನೊಳಗಿನ ಲಿಥಿಯಂ-ಅಯಾನ್ ಇವೆರಡನ್ನೂ ಒಪ್ಪುವುದಿಲ್ಲ. ಪೂರ್ತಿ ತುಂಬಿ ಕೂರುವುದೂ ಅದಕ್ಕೆ ಆಗದು, ಪೂರ್ತಿ ಬರಿದಾಗುವುದೂ ಆಗದು.

ಯಾಕೆಂದು ತಿಳಿದ ಮೇಲೆ ಅದರ ಮೇಲೆ ಮಮತೆ ಹುಟ್ಟಿತು. ಒಳಗೆ ಒಂದು ಬದಿ ಗ್ರಾಫೈಟ್, ಇನ್ನೊಂದು ಬದಿ ಲೋಹದ ಆಕ್ಸೈಡ್, ನಡುವೆ ದ್ರಾವಣ. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಆಕ್ಸೈಡ್ ಬಿಟ್ಟು ಬಂದು ಗ್ರಾಫೈಟಿನ ಪದರಗಳ ನಡುವೆ ಸೇರಿಕೊಳ್ಳುತ್ತವೆ, ಬಳಸುವಾಗ ಹಿಂತಿರುಗುತ್ತವೆ. ಸಾಮಾನ್ಯ ಸೆಲ್ಲೊಂದು 4.2 ವೋಲ್ಟಿನ ಹತ್ತಿರಕ್ಕೆ ಏರಿ ಅಲ್ಲೇ ನಿಂತಷ್ಟು ಹೊತ್ತೂ ದ್ರಾವಣ ಒಂದಿಷ್ಟು ಕೆಡುತ್ತ, ಸ್ವಲ್ಪಸ್ವಲ್ಪವೇ ಲಿಥಿಯಂ ಮತ್ತೆ ಬಾರದಂತೆ ಸಿಕ್ಕಿಬೀಳುತ್ತದೆ. ನಮ್ಮ ಕಡೆ ಕೆರೆ ತುಂಬಿ ಕೋಡಿ ಬಿದ್ದರೆ ಬಾಗಿನ ಬಿಡುವ ಸಂಭ್ರಮ. ಲಿಥಿಯಂ ಮಾತ್ರ ಮುಕ್ಕಾಲು ಕೆರೆಯಲ್ಲೇ ಸುಖವಾಗಿರುತ್ತದೆ.

ಇದಕ್ಕೆಂದೇ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜು ಶೇ 80ಕ್ಕೆ ನಿಲ್ಲುವ ಏರ್ಪಾಡಿದೆ. ಸದಾ ಪ್ಲಗ್ಗಿಗೆ ಹಾಕಿಟ್ಟು ಕೆಲಸ ಮಾಡುವ ಬೆಂಗಳೂರಿನವರಿಗೆ ಅದು ನಿತ್ಯದ ನಿಯಮವಾಗಬಹುದು. ಇಲ್ಲಿ ನಾನು ಅದನ್ನು ಕುರುಡಾಗಿ ಪಾಲಿಸುವುದಿಲ್ಲ. ನಾಳೆ ಲೈನ್ ಕೆಲಸವಿದೆ, ಸಂಜೆವರೆಗೂ ಕರೆಂಟಿಲ್ಲ ಎಂಬ ಸುದ್ದಿ ಬಂದರೆ ಮಿತಿ ತೆಗೆದು ನೂರಕ್ಕೆ ಏರಿಸುತ್ತೇನೆ. ತುಂಬಿದ್ದನ್ನು ಆ ದಿನವೇ ಬಳಸಿ ಇಳಿಸಿದರೆ ಅಂಥ ನಷ್ಟವಿಲ್ಲ. ತುಂಬಿಸಿ, ಮುಚ್ಚಿ, ಬೀರುವಿನಲ್ಲಿಟ್ಟು ಮರೆಯುವುದೇ ಕೆಟ್ಟದ್ದು.

ಅದಕ್ಕಿಂತ ದೊಡ್ಡ ಶತ್ರು ಸೆಕೆ. ಬ್ಯಾಟರಿ ಬಲ್ಲವರು ಕೊಡುವ ಒಂದು ಅಂದಾಜು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ: ಶೇ 40 ಚಾರ್ಜಿನಲ್ಲಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಇಟ್ಟರೆ ಬ್ಯಾಟರಿ ತನ್ನ ಶಕ್ತಿಯಲ್ಲಿ ನೂರಕ್ಕೆ ನಾಲ್ಕರಷ್ಟು ಕಳೆದುಕೊಳ್ಳುತ್ತದೆ, ಪೂರ್ತಿ ತುಂಬಿಸಿ 40 ಡಿಗ್ರಿಯಲ್ಲಿ ಇಟ್ಟರೆ ಮೂವತ್ತೈದರಷ್ಟು. ಏಪ್ರಿಲ್ ಮಧ್ಯಾಹ್ನ ಶೀಟಿನ ಮನೆಯೊಳಗೆ ಕುಳಿತವರಿಗೆ ಈ ಅಂಕಿ ಬೇಗ ಅರ್ಥವಾಗುತ್ತದೆ. ಹಾಸಿಗೆಯ ಮೇಲೆ, ಕಂಬಳಿಯ ಮೇಲೆ ಇಟ್ಟರೆ ಅಡಿಯ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ಒಂದು ಹಲಗೆ, ನೆರಳಿರುವ ಜಗಲಿ, ಇಷ್ಟಿದ್ದರೆ ಸಾಕು. ಚಾರ್ಜಿಗೆ ಹಾಕಲು ನನಗೆ ಬೆಳಗಿನ ತಂಪು ಹೊತ್ತೇ ಇಷ್ಟ.

ಖರ್ಚಿನ ಕಡೆ ಹೇಳುವುದು ಕಡಿಮೆ. ಬರೆಯುವ, ಓದುವ ಹಗುರ ಕೆಲಸದಲ್ಲಿ ಹೆಚ್ಚು ಉಣ್ಣುವುದು ಪರದೆಯ ಬೆಳಕು. 50 ವ್ಯಾಟ್ ಅವರ್ ಬ್ಯಾಟರಿಯಿಂದ ಗಂಟೆಗೆ ಹತ್ತರಂತೆ ತೆಗೆದರೆ ಐದು ಗಂಟೆ, ಬೆಳಕು ಇಳಿಸಿ ಏಳಕ್ಕೆ ತಂದರೆ ಏಳು ಗಂಟೆ. ಮೊಬೈಲನ್ನು ಕೇಬಲ್ಲಿನಲ್ಲಿ ಸಿಕ್ಕಿಸಿ ಇಂಟರ್‌ನೆಟ್ ಪಡೆಯುವಾಗ ಅದು ಲ್ಯಾಪ್‌ಟಾಪಿನ ಚಾರ್ಜನ್ನೂ ಹೀರಿಕೊಳ್ಳುತ್ತಿರುತ್ತದೆ ಎನ್ನುವುದು ನೆನಪಿರಲಿ. ಊಟಕ್ಕೆ ಏಳುವಾಗ ಸ್ಲೀಪ್ ಸಾಕು, ರಾತ್ರಿಗೆ ಹೈಬರ್ನೇಟ್ ಒಳ್ಳೆಯದು.

ಇಷ್ಟು ಚಿಕ್ಕ ವಸ್ತುವಿನ ಹಿಂದೆ ಎಂಥ ದುಡಿಮೆ ಇದೆ! ಎಪ್ಪತ್ತರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ದಾರಿ ತೆರೆದರು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡಿನಫ್ ಕೋಬಾಲ್ಟ್ ಆಕ್ಸೈಡನ್ನು ತಂದರು. 1985ರಲ್ಲಿ ಜಪಾನಿನ ಅಕಿರಾ ಯೊಶಿನೊ ಅದನ್ನು ಬಳಕೆಗೆ ಒಗ್ಗಿಸಿದರು, 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದಿತು. ಮೂವರಿಗೂ 2019ರಲ್ಲಿ ನೊಬೆಲ್ ಬಂದಾಗ ಗುಡಿನಫ್ ಅವರಿಗೆ 97 ವರ್ಷ. ಲಿಥಿಯಂ ಸಿಗುವುದೂ ಸುಲಭವಲ್ಲ. ನಮ್ಮ ಮಂಡ್ಯ ಜಿಲ್ಲೆಯಲ್ಲಿ ಇದೆಯೆಂದಾಗ ನಾಡೆಲ್ಲ ಹಿಗ್ಗಿತು. ಆಮೇಲೆ ಬಂದ ಅಂದಾಜು ಬರೀ 1,600 ಟನ್.

ಪಕ್ಕದ ಮನೆಯ ಹುಡುಗಿ ದೊಡ್ಡಬಳ್ಳಾಪುರಕ್ಕೆ ಡಿಗ್ರಿ ಓದಲು ಹೋಗುತ್ತಾಳೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡು ತಂದು, "ಮಾಮ, ಇದರ ಬ್ಯಾಟರಿ ಹೆಂಗೈತೆ ನೋಡ್ತೀರಾ?" ಎಂದಳು. ವಿಂಡೋಸ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಯುವ ದಾರಿಯಿದೆ. ಹೊಸದರಲ್ಲಿ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ, ಎರಡೂ ಅಲ್ಲಿ ಸಿಗುತ್ತವೆ. ಅವಳದರಲ್ಲಿ 42 ವ್ಯಾಟ್ ಅವರ್ ಇದ್ದದ್ದು 31ಕ್ಕೆ ಇಳಿದಿತ್ತು. ಮೂರು ವರ್ಷದ ಓದು ಇದರಲ್ಲೇ ಮುಗಿಯಬೇಕು, ಅವರಪ್ಪ ಮಗ್ಗದ ದುಡ್ಡಿನಲ್ಲಿ ಕೊಡಿಸಿದ್ದು. ಮಿತಿಯನ್ನು ಎಂಬತ್ತಕ್ಕೆ ಇಟ್ಟುಕೊಟ್ಟೆ, ಪರೀಕ್ಷೆ ದಿನಗಳಲ್ಲಿ ನೂರು ಮಾಡಿಕೊಳ್ಳುವುದು ಎಲ್ಲಿಂದ ಎಂದು ತೋರಿಸಿದೆ. ಅಡಿ ಉಬ್ಬಿದ ಹಾಗೆ ಕಂಡರೆ ಚಾರ್ಜಿಗೆ ಹಾಕದೆ ನೇರ ರಿಪೇರಿ ಅಂಗಡಿಗೆ ಒಯ್ಯಬೇಕು, ಹಳೆಯ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದೆ ಅಲ್ಲೇ ಕೊಟ್ಟು ಬರಬೇಕು ಎಂದೂ ಹೇಳಿದೆ. ಎಲ್ಲವನ್ನೂ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆದುಕೊಂಡಳು.