ಒಂದು ಮೆಟ್ಟಿಲು ಕೆಳಗಿನ ಆಟ

ಅಮೆರಿಕದ ಜನಜೀವನದಲ್ಲಿ ಬೇಸ್‌ಬಾಲ್‌ಗೆ ಇರುವ ಸ್ಥಾನವನ್ನು ನಮ್ಮವರಿಗೆ ತಿಳಿಸುವುದು ಕಷ್ಟವಲ್ಲ. ನಮ್ಮಲ್ಲಿ ಕ್ರಿಕೆಟ್ ಏನೋ ಅಲ್ಲಿ ಅದು. ಆದರೆ ಅಲ್ಲಿಯ ‘ಮೈನರ್ ಲೀಗ್’ ಎಂಬ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ಅತ್ಯುನ್ನತ ಮಟ್ಟದಲ್ಲಿ ಆಡುವ ತಂಡಗಳು ಒಟ್ಟು 30. ಅವುಗಳಲ್ಲಿ ಪ್ರತಿಯೊಂದರ ಕೆಳಗೆ ನಾಲ್ಕು ಮೆಟ್ಟಿಲುಗಳಲ್ಲಿ ನಾಲ್ಕು ತಂಡಗಳಿವೆ. ಹೀಗೆ 120 ತಂಡಗಳು, ಸಾವಿರಾರು ಯುವಕರು ಮೇಲಿನ ಕರೆಗಾಗಿ ಕಾಯುತ್ತಾ ಊರೂರುಗಳಲ್ಲಿ ಆಡುತ್ತಿರುತ್ತಾರೆ. ಅವರಲ್ಲಿ ಬಹುಪಾಲು ಜನರಿಗೆ ಆ ಕರೆ ಎಂದೂ ಬರುವುದಿಲ್ಲ.

ಕಳೆದ ವರ್ಷ ಜುಲೈ ತಿಂಗಳಲ್ಲಿ ಇಂಥ ಒಂದು ತಂಡದ ಆಟವನ್ನು ನೋಡುವ ಅವಕಾಶ ನನಗೆ ಒದಗಿತು. ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿ ನೆಲೆಸಿರುವ ತಮ್ಮನ ಮನೆಗೆ ನಾನೂ ನನ್ನ ಹಿರಿಯ ಮಗನೂ ಹೋಗಿದ್ದೆವು. ಅಲ್ಲಿಂದ ಒಹಾಯೊ ರಾಜ್ಯದ ದಕ್ಷಿಣದಲ್ಲಿರುವ ಸಿನ್ಸಿನಾಟಿಗೆ, ಬಂಧುಗಳ ಮನೆಗೆ, ಕಾರಿನಲ್ಲಿ ಹೊರಟಿದ್ದ ದಿನವದು. ಮಗನಿಗೆ ಆಗ ಹತ್ತೊಂಬತ್ತು ವರ್ಷ. ಎರಡನೆಯ ಬಾರಿ ನೀಟ್ ಬರೆದಿದ್ದ; ಎರಡನೆಯ ಬಾರಿಯೂ ಸೀಟು ಸಿಗುವಷ್ಟು ಅಂಕಗಳು ಬಂದಿರಲಿಲ್ಲ. 20 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆಯುವ ಪರೀಕ್ಷೆ, ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಸೀಟುಗಳು. ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ಆದರೆ ಮನೆಯ ಮಗುವಿನ ಮುಖದ ಎದುರು ಆ ಲೆಕ್ಕ ಯಾವ ಸಮಾಧಾನವನ್ನೂ ಕೊಡುವುದಿಲ್ಲ. ಫಲಿತಾಂಶ ಬಂದಂದಿನಿಂದ ಅವನು ಮಾತು ಕಡಿಮೆ ಮಾಡಿದ್ದ. ಮೂರನೆಯ ಬಾರಿ ಬರೆಯಬೇಕೋ ಬೇಡವೋ ಎಂಬ ಪ್ರಶ್ನೆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದೆ ಹಾಗೆಯೇ ಉಳಿದಿತ್ತು.

ಹೆದ್ದಾರಿಯಲ್ಲಿ ಸುಮಾರು ಒಂದು ಗಂಟೆ ಸಾಗಿದರೆ ಟೊಲೆಡೊ ನಗರ. “ಭಾಯಿಜಾನ್, ಇಲ್ಲಿ ಮಡ್ ಹೆನ್ಸ್ ಆಟ ಇದೆ. ಎರಡೂವರೆ ಗಂಟೆ ಕೂತು ಹೋಗೋಣ” ಎಂದ ತಮ್ಮ. ಮಡ್ ಹೆನ್ ಎಂದರೆ ಕೆಸರುಕೋಳಿ, ಜೌಗು ನೆಲದಲ್ಲಿ ಓಡಾಡುವ ಹಕ್ಕಿ. 1896ರಲ್ಲಿ ಈ ಊರಿನ ತಂಡ ಆಡುತ್ತಿದ್ದ ಮೈದಾನದ ಪಕ್ಕ ಜೌಗು ಪ್ರದೇಶವಿದ್ದು, ಅಲ್ಲಿಯ ಹಕ್ಕಿಗಳಿಂದ ಈ ಹೆಸರು ಬಂತು. ಹುಲಿ ಸಿಂಹಗಳ ಹೆಸರನ್ನು ಇಟ್ಟುಕೊಳ್ಳುವ ತಂಡಗಳ ನಡುವೆ ಈ ಹೆಸರನ್ನು ಊರಿನವರು ಇಂದಿಗೂ ಪ್ರೀತಿಯಿಂದ ಉಳಿಸಿಕೊಂಡಿದ್ದಾರೆ. ಡೆಟ್ರಾಯಿಟ್ ಟೈಗರ್ಸ್ ಎಂಬ ದೊಡ್ಡ ತಂಡಕ್ಕೆ ಇದು ಒಂದೇ ಮೆಟ್ಟಿಲು ಕೆಳಗಿನ ತಂಡ.

ಮೈದಾನ ಊರ ನಡುವೆಯೇ ಇದೆ. ಹಳೆಯ ಇಟ್ಟಿಗೆ ಕಟ್ಟಡಗಳ ನಡುವೆ 2002ರಲ್ಲಿ ಕಟ್ಟಿದ್ದು, ಸುಮಾರು ಹತ್ತು ಸಾವಿರ ಜನ ಕೂರಬಹುದು. ಅಜ್ಜಂದಿರು, ಹಸುಗೂಸನ್ನು ಎತ್ತಿಕೊಂಡ ತಾಯಂದಿರು, ಬರಿಗಾಲಿನಲ್ಲಿ ಓಡಾಡುವ ಮಕ್ಕಳು ಎಲ್ಲರೂ ಇದ್ದರು. ಹಾಟ್‌ಡಾಗ್ ನಮಗೆ ಸಲ್ಲದಾದ್ದರಿಂದ ಸಿಪ್ಪೆಸಹಿತ ಹುರಿದ ಶೇಂಗಾ ಮತ್ತು ನಿಂಬೆ ಶರಬತ್ತು ಕೊಂಡು ಕುಳಿತೆವು. ಶೇಂಗಾ ಸುಲಿಯುತ್ತಾ ಆಟ ನೋಡುವ ಈ ರೂಢಿ ನಮ್ಮೂರ ಜಾತ್ರೆಯನ್ನು ನೆನಪಿಸಿತು.

ತಮ್ಮ ಹೇಳಿದ ಒಂದು ಸಂಗತಿ ನನ್ನ ಗಮನ ಸೆಳೆಯಿತು. ಈ ತಂಡ ಯಾವ ಶ್ರೀಮಂತನ ಆಸ್ತಿಯೂ ಅಲ್ಲ. ಒಂದು ಕಾಲದಲ್ಲಿ ಟೊಲೆಡೊದಲ್ಲಿ ತಂಡವೇ ಇಲ್ಲದಂತಾಗಿತ್ತು. 1965ರಲ್ಲಿ ನೆಡ್ ಸ್ಕೆಲ್ಡನ್ ಎಂಬ ಸ್ಥಳೀಯ ನಾಯಕರ ಪ್ರಯತ್ನದಿಂದ ಆಟ ಮರಳಿ ಬಂತು. ಅಂದಿನಿಂದ ತಂಡವು ಲೂಕಸ್ ಕೌಂಟಿಯ, ಅಂದರೆ ಜಿಲ್ಲೆಯ ಜನರ ಸ್ವತ್ತಾಗಿ, ಲಾಭದ ಉದ್ದೇಶವಿಲ್ಲದ ಸಂಸ್ಥೆಯ ಮೂಲಕ ನಡೆಯುತ್ತಿದೆ. ವಕ್ಫ್ ಎಂಬ ಕಲ್ಪನೆಯನ್ನು ಬಲ್ಲ ನಮಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಯಾರೊಬ್ಬರದೂ ಅಲ್ಲದ್ದನ್ನು ಎಲ್ಲರದೆಂದು ಕಾಪಾಡಿಕೊಂಡು ಬರುವುದು ಸಣ್ಣ ಕೆಲಸವಲ್ಲ.

ಆಟಗಾರರ ಸ್ಥಿತಿ ಮಾತ್ರ ಬಹಳ ಕಾಲ ಹಿತಕರವಾಗಿರಲಿಲ್ಲ. ಈ ಮಟ್ಟದ ಆಟಗಾರನಿಗೆ 2022ರವರೆಗೆ ಕನಿಷ್ಠ ವಾರ್ಷಿಕ ವೇತನ 17,500 ಡಾಲರ್. ಆಟಗಾರರು ಸಂಘಟಿತರಾಗಿ ಮಾಡಿಕೊಂಡ ಒಪ್ಪಂದದಿಂದ 2023ರಲ್ಲಿ ಅದು 35,800 ಡಾಲರ್‌ಗೆ ಏರಿತು. ಅದೇ ವರ್ಷ ಒಂದು ಮೆಟ್ಟಿಲು ಮೇಲಿನ ಆಟಗಾರನ ಕನಿಷ್ಠ ವೇತನ 7,20,000 ಡಾಲರ್! ದುಡಿಯುವವನ ಕೂಲಿಯ ವಿಷಯದಲ್ಲಿ ನಮ್ಮ ಧರ್ಮ ಎಷ್ಟು ಕಟ್ಟುನಿಟ್ಟು ಎಂಬುದನ್ನು ಈ ಓದುಗರಿಗೆ ಹೇಳಬೇಕಾಗಿಲ್ಲ. ಒಂದೇ ಆಟ, ಒಂದೇ ಬೆವರು. ನಡುವೆ ಒಂದೇ ಮೆಟ್ಟಿಲು. ಆದರೂ ಪ್ರತಿಫಲ ಇಪ್ಪತ್ತು ಪಟ್ಟು ಬೇರೆ.

ಮೈದಾನದ ಹೊರಗಿನ ಒಂದು ಚೌಕಕ್ಕೆ ಮೋಸೆಸ್ ಫ್ಲೀಟ್‌ವುಡ್ ವಾಕರ್ ಅವರ ಹೆಸರಿದೆ. 1856ರಲ್ಲಿ ಒಹಾಯೊದಲ್ಲಿ ಹುಟ್ಟಿದ ಈ ಕಪ್ಪು ವರ್ಣೀಯ ತರುಣ 1884ರಲ್ಲಿ ಟೊಲೆಡೊ ತಂಡದ ಪರವಾಗಿ ಅತ್ಯುನ್ನತ ಮಟ್ಟದಲ್ಲಿ ಆಡಿದವರು. ಬ್ಯಾಟರ್‌ನ ಹಿಂದೆ ಕುಳಿತು ಚೆಂಡು ಹಿಡಿಯುವುದು ಅವರ ಕೆಲಸ. ಈಗಿನಂತಹ ಮೆತ್ತನೆಯ ದಪ್ಪ ಕೈಗವಸು ಅಂದು ಇರಲಿಲ್ಲ. ಚೆಂಡೆಸೆಯುವವನಿಗೆ ಸನ್ನೆ ಮಾಡಿ ಎಂಥ ಚೆಂಡು ಬೇಕೆಂದು ತಿಳಿಸುವುದು ಹಿಂದೆ ಕುಳಿತವನ ಹೊಣೆ. ಆದರೆ ಟೊನಿ ಮುಲೇನ್ ಎಂಬ ಅವರದೇ ತಂಡದ ಎಸೆತಗಾರ ಕಪ್ಪು ಮನುಷ್ಯನ ಸನ್ನೆಗೆ ಬೆಲೆ ಕೊಡದೆ ತನಗೆ ತೋಚಿದಂತೆ ಎಸೆಯುತ್ತಿದ್ದ. ತಾನು ಕಂಡವರಲ್ಲಿ ವಾಕರ್ ಅವರೇ ಅತ್ಯುತ್ತಮರೆಂದು ಆತನೇ ಅನಂತರ ಒಪ್ಪಿಕೊಂಡ. ಯಾವ ಚೆಂಡು ಬರುವುದೆಂದು ತಿಳಿಯದೆಯೇ ವಾಕರ್ ಅದನ್ನು ಹಿಡಿದರು. ಅವರು ಮತ್ತು ಅವರ ತಮ್ಮ ವೆಲ್ಡಿ ಆಡಿದ ಆ ವರ್ಷದ ಬಳಿಕ ಬಾಗಿಲು ಮುಚ್ಚಿತು. 1947ರಲ್ಲಿ ಜಾಕಿ ರಾಬಿನ್ಸನ್ ಬರುವವರೆಗೆ, ಆರು ದಶಕಗಳ ಕಾಲ, ಆ ಬಾಗಿಲು ತೆರೆಯಲಿಲ್ಲ.

ತಮ್ಮ ಇದನ್ನು ಹೇಳುವಾಗ ಮಗ ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದ. ಸ್ವಲ್ಪ ಹೊತ್ತಿನ ಬಳಿಕ, “ಚಾಚಾ, ಇವರಲ್ಲಿ ಮೇಲೆ ಹೋಗದವರು ಕೊನೆಗೆ ಏನು ಮಾಡುತ್ತಾರೆ?” ಎಂದು ಕೇಳಿದ. ಬಹಳ ದಿನಗಳ ಬಳಿಕ ಅವನಾಗಿ ಕೇಳಿದ ಮೊದಲ ಪ್ರಶ್ನೆಯದು.

“ಕೆಲವರು ಮಕ್ಕಳಿಗೆ ಆಟ ಕಲಿಸುತ್ತಾರೆ. ಕೆಲವರು ಮತ್ತೆ ಕಾಲೇಜಿಗೆ ಹೋಗುತ್ತಾರೆ. ಕೆಲವರು ಅಂಗಡಿಯೋ ಕಾರ್ಖಾನೆಯೋ ಸೇರುತ್ತಾರೆ. ಮೂವತ್ತು ದಾಟಿದವರೂ ಈ ಮೈದಾನದಲ್ಲಿ ಇದ್ದಾರೆ, ನೋಡು” ಎಂದ ತಮ್ಮ.

“ಮೂವತ್ತು ದಾಟಿದವರು ಯಾಕೆ ಇನ್ನೂ ಇದ್ದಾರೆ?”

“ಕೆಲವರಿಗೆ ಆಟವೇ ಇಷ್ಟ. ಕೆಲವರಿಗೆ ಬಿಡುವುದು ಹೇಗೆಂದು ಗೊತ್ತಿಲ್ಲ. ಎರಡೂ ಒಂದೇ ಅಲ್ಲ ಬೇಟಾ.”

ಆಟ ಮುಗಿದ ಮೇಲೆ ಸಣ್ಣ ಮಕ್ಕಳನ್ನು ಮೈದಾನಕ್ಕೆ ಬಿಟ್ಟರು. ಅವರು ನಾಲ್ಕು ಮೂಲೆಗಳನ್ನೂ ಸುತ್ತಿ ಓಡಿ ಬಂದರು. ಬಿದ್ದವರೂ ಎದ್ದು ಓಡಿದರು. ಟೊಲೆಡೊ ದಾಟಿದ ಕೂಡಲೇ ಹೆದ್ದಾರಿಯ ಪಕ್ಕ ಜೋಳದ ಹೊಲಗಳ ಸೀಮೆಯಲ್ಲಿ ಬಿಳಿಯ ಗುಮ್ಮಟ, ಎರಡು ಮಿನಾರಗಳು ಕಾಣುತ್ತವೆ. ಸಿರಿಯಾ, ಲೆಬನಾನ್‌ಗಳಿಂದ ಬಂದ ವಲಸಿಗರು ಬೆಳೆಸಿದ ಸಮುದಾಯ 1983ರಲ್ಲಿ ಕಟ್ಟಿದ ಮಸೀದಿಯದು. ಅಲ್ಲಿ ಅಸರ್ ನಮಾಝ್ ನಿರ್ವಹಿಸಿದೆವು. ಸಫ್‌ನಲ್ಲಿ ಮಗ ನನ್ನ ಪಕ್ಕದಲ್ಲಿಯೇ ನಿಂತಿದ್ದ. ಯಾರು ಯಾವ ಮೆಟ್ಟಿಲಿನವರೆಂದು ಅಲ್ಲಿ ಯಾರೂ ಕೇಳಲಿಲ್ಲ.

ಡೇಟನ್ ಸಮೀಪಿಸುವಾಗ ಅವನು ಹೇಳಿದ: “ಅಬ್ಬಾ, ನಾನು ಮೂರನೆಯ ಸಲ ಬರೆಯುವುದಿಲ್ಲ. ಫಿಸಿಯೋಥೆರಪಿ ಓದುತ್ತೇನೆ. ಸೋತು ಬಿಡುತ್ತಿಲ್ಲ, ಯೋಚಿಸಿಯೇ ಹೇಳುತ್ತಿದ್ದೇನೆ.” ನಾನು ಹೂಂ ಎಂದೆ. ಅವನ ತಾಯಿಗೆ ಫೋನ್ ಮಾಡಿ ಅವನೇ ತಿಳಿಸಿದ. ಈಗ ಅವನು ಮೊದಲ ವರ್ಷ ಮುಗಿಸುತ್ತಿದ್ದಾನೆ. ಮನೆಗೆ ಬಂದಾಗ ಅಜ್ಜಿಯ ಮಂಡಿಗೆ ವ್ಯಾಯಾಮ ಮಾಡಿಸುತ್ತಾನೆ.

ಹತ್ತು ಬಾರಿಯಲ್ಲಿ ಮೂರು ಬಾರಿ ಚೆಂಡನ್ನು ಸರಿಯಾಗಿ ಹೊಡೆಯುವ ಬ್ಯಾಟರ್‌ನನ್ನು ಬೇಸ್‌ಬಾಲ್‌ನಲ್ಲಿ ಶ್ರೇಷ್ಠನೆನ್ನುತ್ತಾರೆ. ಉಳಿದ ಏಳು ಬಾರಿಯ ವೈಫಲ್ಯವನ್ನು ಆಟವೇ ಒಪ್ಪಿಕೊಂಡಿದೆ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅಷ್ಟು ಅವಕಾಶವೂ ಇರುವುದಿಲ್ಲ. ಇನ್ನೊಮ್ಮೆ ಪ್ರಯತ್ನಿಸುತ್ತೇನೆ ಎನ್ನುವ ಮಗುವಿಗೆ ಬೆಂಬಲವಾಗಿ ನಿಲ್ಲೋಣ. ಸಾಕು, ಬೇರೆ ದಾರಿ ಹಿಡಿಯುತ್ತೇನೆ ಎನ್ನುವ ಮಗುವಿಗೂ ಅಷ್ಟೇ ಬೆಂಬಲವಾಗಿ ನಿಲ್ಲೋಣ. ನಮಗೆ ಅಮಾನತ್ತಾಗಿ ಕೊಡಲ್ಪಟ್ಟವರು ಮಕ್ಕಳು. ಅವರು ಪಡೆದ ಅಂಕಗಳಲ್ಲ.