ಎರಡು ತಂತಿಗಳ ಆಚಾರ

ಕಾಯಕವು ಕೈಯಲ್ಲಿ ಹುಟ್ಟಿ ಚಿತ್ತದಲ್ಲಿ ಪಕ್ವವಾಗುವಂಥದು. ಮೊಮ್ಮಗನು ಬಾಲ್ಸಾ ಕಟ್ಟಿಗೆಯಲ್ಲಿ ಕಟ್ಟಿದ ಮಾದರಿ ವಿಮಾನದಿಂದ ನನಗಿದು ಮನದಟ್ಟಾಯಿತು.

ಅಮೆರಿಕದ ಜಿಮ್ ವಾಕರ್ 1942ರಲ್ಲಿ ಪೇಟೆಂಟ್ ಪಡೆದ ಕ್ರಮವಿದು. ಹಾರಿಸುವವನ ಹಿಡಿಕೆಯಿಂದ ಹೊರಟ ಎರಡು ತಂತಿಗಳು ವಿಮಾನದೊಳಗಿನ ಸನ್ನೆಗೋಲನ್ನು ಸೇರುತ್ತವೆ. ಅದು ಬಾಲದ ಪಟ್ಟಿಯನ್ನು ಏರಿಳಿಸುತ್ತದೆ. ಲಾಗ ಹೊಡೆಯುವ ವಿಮಾನಕ್ಕೆ ಹಗುರತನವೇ ಪ್ರಾಣ. ಆದರೂ ಹೊರರೆಕ್ಕೆಯ ತುದಿಗೆ ಬೇಕೆಂದೇ ತುಸು ಸೀಸವನ್ನಿಡುತ್ತಾರೆ. ಒಳಬದಿಯ ತಂತಿಗಳ ಭಾರಕ್ಕೆ ಅದು ಸಮತೂಕ. ತಂತಿ ಸಡಿಲಾದರೆ ವಿಮಾನವು ಸ್ವತಂತ್ರವಾಗುವುದಿಲ್ಲ, ಹತೋಟಿ ತಪ್ಪುತ್ತದೆ.

ಆಚಾರವನ್ನು ಬಂಧನವೆನ್ನುವ ತರುಣರಿಗೆ ನಾನು ಈ ತಂತಿಗಳನ್ನು ತೋರಿಸುತ್ತೇನೆ. ಹಿರಿಯರಿಗೂ ಒಂದು ಮಾತುಂಟು: ಹಿಡಿಕೆಯನ್ನು ಅತಿಯಾಗಿ ತಿರುಗಿಸಿದರೂ ವಿಮಾನ ನೆಲಕ್ಕಪ್ಪಳಿಸುವುದು. ಮಣಿಕಟ್ಟಿನ ಸಣ್ಣ ಚಲನೆಯೇ ಸಾಕು. ಮಕ್ಕಳನ್ನು ನಡೆಸುವ ಕೈಗೂ ಈ ಹದ ತಿಳಿದಿರಬೇಕು.